ಕರ್ತೃವಿಲ್ಲದ ವಾಕ್ಯ

"ಮೇಡಂ, ಈ ವಾಕ್ಯದಲ್ಲಿ ಕರ್ತೃ ಎಲ್ಲಿ?"

ಟ್ಯೂಷನ್ ಕೋಣೆಯ ಬಾಗಿಲಲ್ಲಿ ನಿಂತವನನ್ನು ಗ್ರಾಮರ್ ಮೇಡಂ ಹಿಂದೆಂದೂ ನೋಡಿರಲಿಲ್ಲ. ಆದರೆ ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದ್ದೇ ಗುರುತಿಸಿದಳು. ಅದು ಪ್ರೆಸ್ಸಿನ ಮಾಲೀಕರಿಗೆ ಅವಳೇ ಬರೆದ ಪತ್ರ!

ಅಯ್ಯೋ... ಪ್ರೆಸ್ಸಿನ ಪ್ರೂಫ್ ಸರ್ ಇವರೇನಾ?

ಆರು ತಿಂಗಳ ಕಾಲ ಅವಳ ಇಂಗ್ಲಿಷ್ ವ್ಯಾಕರಣ ಪುಸ್ತಕದ ಕರಡು ತಿದ್ದಿದವನು ಅವನು. ಪುಟದ ಅಂಚಿನಲ್ಲಿ ಅವನದೊಂದು ಮಾತು, ಅವಳದೊಂದು ಮಾತು. ಮುಖ ನೋಡದೆಯೇ ಮನಸ್ಸು ಕೊಟ್ಟಿದ್ದಳು ಹುಚ್ಚಿ!

ಅಂಥವನಿಗೇ ಕೈ ಕೊಟ್ಟಿದ್ದಳು.

ಕ್ರಿಯಾಪದಗಳ ಪಟ್ಟಿಯಲ್ಲಿ 'ಮಲಗು' ಎಂಬರ್ಥದ 'ಲೈ'ಗೆ 'ಲೇ, ಲೇನ್' ಎಂದಿರಬೇಕಿತ್ತು. ಅವಳು ಬರೆದದ್ದು 'ಲೈಡ್, ಲೈಡ್'. ಅದು 'ಸುಳ್ಳು ಹೇಳು' ಎಂಬ 'ಲೈ'ನ ರೂಪ. ಅವನು ಕೆಂಪು ಗುರುತು ಹಾಕಿದ್ದ. ಪಕ್ಕದಲ್ಲೇ, 'ಕೆಮ್ಮು ಕಡಿಮೆಯಾಯ್ತಾ?' ಎಂದೂ ಕೇಳಿದ್ದ. ಮಹಾತಾಯಿ ಕೆಮ್ಮಿನ ಮಾತನ್ನಷ್ಟೇ ಹತ್ತು ಸಲ ಓದಿ, ಹಾಳೆಯನ್ನು ತಾನೇ ಇಟ್ಟುಕೊಂಡು, 'ಆ ಪುಟ ಸರಿಯಿದೆ' ಎಂದು ಹೇಳಿಕಳಿಸಿದ್ದಳು!

ಪುಸ್ತಕ ಅಚ್ಚಾಯಿತು. ಶಾಲೆಗಳಿಂದ ಬೈಗುಳ ಬಂತು. ಮಾಲೀಕರು ವಿವರಣೆ ಕೇಳಿದಾಗ ಹೆದರಿ, ಪ್ಯಾಸಿವ್ ವಾಯ್ಸಿನ ಹಿಂದೆ ಬಚ್ಚಿಟ್ಟುಕೊಂಡು ಪತ್ರ ಬರೆದಳು: 'ಪ್ರೂಫ್ ಹಂತದಲ್ಲಿ ತಪ್ಪು ಗಮನಿಸಲ್ಪಡಲಿಲ್ಲ.'

"ಗಮನಿಸಲ್ಪಡಲಿಲ್ವಂತೆ! ನಾನು ಗಮನಿಸಿದ್ದೆ ಮೇಡಂ. ಇವತ್ತು ನನ್ನ ಕೆಲಸ ಹೋಯ್ತು."

"ತಪ್ಪಾಯ್ತು..."

"ಆಯ್ತಾ? ತಾನಾಗೇ ಆಗೋಕೆ ಅದೇನು ಮಳೆನಾ?"

ಅವಳ ಕಣ್ಣು ತುಂಬಿತು. ಛೀ, ನನ್ನ ಜನ್ಮಕ್ಕಿಷ್ಟು! ಕ್ಷಮೆ ಕೇಳುವಾಗಲೂ ನಾನು ಎಂಬ ಪದ ಬಾಯಿಗೆ ಬರಲಿಲ್ಲವಲ್ಲ...

"ನಾನು ಮಾಡಿದೆ," ಎಂದಳು. "ನೀವು ತೋರಿಸಿದ್ರೂ ನೋಡ್ಲಿಲ್ಲ. ಆಮೇಲೆ ಹೆದರಿ ನಿಮ್ಮ ಮೇಲೆ ಹಾಕ್ದೆ. ನಡೀರಿ ಪ್ರೆಸ್ಸಿಗೆ."

ಮೇಜಿನ ಡ್ರಾಯರಿನಿಂದ ಆ ಹಾಳೆ ತೆಗೆದುಕೊಂಡಳು. ಪ್ರೆಸ್ಸಿಗೆ ಹೋಗಿ, ಅಲ್ಲಿನವರೆಲ್ಲ ಕೇಳುವಂತೆ ಅದೇ ಮಾತನ್ನು ಮಾಲೀಕರಿಗೂ ಹೇಳಿ, ಹಾಳೆ ಕೊಟ್ಟಳು. ಮಾಲೀಕರು ಕೆಂಪು ಗುರುತು ನೋಡಿದರು, ಕೆಮ್ಮಿನ ಮಾತನ್ನೂ ಓದಿದರು. ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ಇವನು ನಾಳೆಯಿಂದ ಬರಲಿ. ನಿಮ್ಮ ಪುಸ್ತಕ ಮಾತ್ರ ನಮಗಿನ್ನು ಬೇಡಮ್ಮ."

ಹೊರಗೆ ಬಂದರೂ ಅವಳು ತಲೆ ಎತ್ತಲಿಲ್ಲ. ಅವನ ಕೋಪ ಇಳಿದಿತ್ತು.

"ಮನೇಲಿ ಅಮ್ಮ ಅಳ್ತಾ ಕೂತಿದಾರೆ. ಕೆಲಸ ವಾಪಸ್ ಕೊಡಿಸಿದ್ದು ಯಾರು ಅಂದ್ರೆ ಏನ್ ಹೇಳ್ಲಿ?"

"ಆ ಕೆಲಸ ಕಳೆದವಳೇ ಅಂತ ಹೇಳಿ."

"ಅಷ್ಟೇನಾ?"

"ಅವಳು... ನಿಮ್ಮನ್ನ ತುಂಬಾ ಪ್ರೀತಿಸ್ತಾಳೆ ಅಂತಾನೂ."

"ಅದನ್ನ ನಾನ್ಯಾಕೆ ಹೇಳ್ಲಿ?" ಎಂದು ಅವನು ಮೊದಲ ಸಲ ನಕ್ಕ. "ಬನ್ನಿ ಮನೆಗೆ, ನೀವೇ ಹೇಳಿ."