ಚುಕ್ಕಿಯಿಂದ ಶುರುವಾಗುವ ಕಡತ

"ನನ್ನ ಕಂಪ್ಯೂಟರ್ ಮುಟ್ಟಿದ್ದು ಯಾರು? ಬಾಯಿಬಿಟ್ಟು ಹೇಳಿ! ಯಾರು ಮುಟ್ಟಿದ್ದು?"

ಜಸ್ನಾಳ ಕೂಗಿಗೆ ಕೋಳಿಕ್ಕೋಡಿನ ಆ ಮೂರನೇ ಮಹಡಿಯ ಕಚೇರಿ ಒಮ್ಮೆಲೇ ತಣ್ಣಗಾಯಿತು. ಎಂಟು ಜನ ತಂತಮ್ಮ ಪರದೆಗಳ ಹಿಂದೆ ತಲೆ ಅಡಗಿಸಿಕೊಂಡರು.

"ನಾನು."

ತಿರುಗಿದಳು. ಯಾವತ್ತೂ ಕಂಡಿರದ ಮುಖ. ಗರಿಗರಿ ಇಸ್ತ್ರಿಯ ಅಂಗಿ, ಕೈಯಲ್ಲಿ ಸುಲೈಮಾನಿ ಚಹಾದ ಲೋಟ, ತುಟಿಯ ಮೇಲೊಂದು ನಗು. ಆ ನಗು ಕಂಡೇ ಅವಳ ಮೈ ಉರಿದುಹೋಯಿತು.

"ನೀವ್ಯಾರ್ರೀ?"

"ನಿಹಾಲ್. ಹೊಸ ಟೀಮ್ ಲೀಡ್. ಶನಿವಾರ ಎಲ್ಲರ ಮಷೀನೂ ಬದಲಾಯ್ತು. ಮೇಲ್ ಹಾಕಿದ್ದೆ."

"ನಾನು ರಜದಲ್ಲಿದ್ದೆ! ನನ್ನ ಉಮ್ಮಾಗೆ ಕಣ್ಣಿನ ಆಪರೇಷನ್!"

"ಅದಕ್ಕೇ ನಿಮ್ಮದನ್ನ ನಾನೇ ಮಾಡಿಕೊಟ್ಟೆ. ಹಳೇದನ್ನೆಲ್ಲ ಕಾಪಿ ಮಾಡಿ, ಡಿಸ್ಕ್ ಅಳಿಸಿ, ಹೊಸದು ಹಾಕಿದೀನಿ. ಥ್ಯಾಂಕ್ಸ್ ಹೇಳ್ಬೇಕು ನೀವು."

"ಎಲ್ಲ ಕಾಪಿ ಮಾಡಿದ್ರಾ? ಹಾಗಾದ್ರೆ ನಾನು ಕೋಡ್ ಬರೆಯೋ ಎಡಿಟರಿನ ಸೆಟ್ಟಿಂಗ್ ಫೈಲ್ ಎಲ್ಲಿ?"

"ಯಾವ ಫೈಲ್?"

"ಹೆಸರಿನ ಮುಂದೆ ಚುಕ್ಕಿ ಇರೋದು!"

ನಿಹಾಲನ ನಗು ಅರೆಕ್ಷಣ ನಿಂತಿತು. ದುಬೈಯಲ್ಲಿ ಏಳು ವರ್ಷ ದುಡಿದು ಬಂದವನು. ಈ ಕಚೇರಿಯ ಕಂಪ್ಯೂಟರ್‌ಗಳನ್ನು ನಡೆಸುವ ಲಿನಕ್ಸನ್ನು ಅಲ್ಲಿ ಮುಟ್ಟಿದವನಲ್ಲ. ಇಲ್ಲಿ ನಕ್ಷತ್ರದ ಗುರುತು ಹಾಕಿ 'ಎಲ್ಲ ಕಾಪಿ ಮಾಡು' ಎಂದರೆ ಎಲ್ಲವೂ ಬರುವುದಿಲ್ಲ, ಚುಕ್ಕಿಯಿಂದ ಶುರುವಾಗುವ ಕಡತಗಳು ಅಡಗಿ ಕೂತುಬಿಡುತ್ತವೆ ಎಂಬುದು ಅವನಿಗೆ ಹೊಳೆದಿದ್ದು ಆಗ... ಆ ಕ್ಷಣದಲ್ಲಿ!

ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಂಟು ಜನ ಕಿವಿ ನಿಮಿರಿಸಿಕೊಂಡಿದ್ದರು. ಬಂದು ಇನ್ನೂ ಐದು ದಿನ.

"ಅಷ್ಟು ಬೆಲೆಬಾಳೋ ಫೈಲ್ ಆಗಿದ್ರೆ ಬೇರೆ ಕಡೆ ಇನ್ನೊಂದು ಇಟ್ಕೊಬೇಕಿತ್ತು. ಇಷ್ಟೂ ಗೊತ್ತಿಲ್ವಾ ಒಂಬತ್ತು ವರ್ಷದ ಡೆವಲಪರ್‌ಗೆ?"

ಯಾರೋ ಕಿಸಕ್ಕೆಂದರು.

ಜಸ್ನಾ ಇನ್ನೊಂದು ಪ್ರತಿ ಇಟ್ಟುಕೊಂಡಿರಲಿಲ್ಲ, ನಿಜ. ಕೊಂಡೋಟ್ಟಿಯ ಸರ್ಕಾರಿ ಶಾಲೆಯಲ್ಲಿ ಕೂತು ಕಂಪ್ಯೂಟರ್ ಕಲಿತದ್ದು ಅವಳು, ಅಲ್ಲಿದ್ದದ್ದೂ ಲಿನಕ್ಸೇ. ಕೆಲಸಕ್ಕೆ ಸೇರಿದ ಮೇಲೆ ಒಂಬತ್ತು ವರ್ಷ ಆ ಕಡತಕ್ಕೆ ಒಂದೊಂದೇ ಸಾಲು ಸೇರಿಸುತ್ತ ಬಂದಿದ್ದಳು. ಜೆ ಒತ್ತಿದರೆ ಕೆಳಗೆ, ಕೆ ಒತ್ತಿದರೆ ಮೇಲೆ, ಒಂದರ ಮೇಲೊಂದು ಎರಡು ಚುಕ್ಕಿ ಹಾಕಿ ಡಬ್ಲ್ಯೂ ಹೊಡೆದರೆ ಬರೆದದ್ದು ಉಳಿಯಿತು. ಇದು ಆ ಎಡಿಟರ್ ಬಳಸುವ ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಇನ್ನೂರು ಚಿಲ್ಲರೆ ಶಾರ್ಟ್‌ಕಟ್ ಕೀಲಿಗಳು ಅವಳವೇ ಆಗಿದ್ದವು, ಇನ್ಯಾರ ಕೈಗೂ ಒಗ್ಗದವು. ಮೌಸ್ ಮುಟ್ಟದೆ, ಪರದೆಯನ್ನೂ ಸರಿಯಾಗಿ ನೋಡದೆ ಕೆಲಸ ಮಾಡುತ್ತಿದ್ದಳು.

ಆ ಕೈಗಳನ್ನೇ ಕತ್ತರಿಸಿದ ಹಾಗಾಗಿತ್ತು.

"ನನ್ನ ಹಳೇ ಎಡಿಟರನ್ನೇ ಹಾಕ್ಕೋತೀನಿ."

"ಆಗಲ್ಲ. ಎಲ್ರೂ ಒಂದೇ ಟೂಲ್. ಹೊರಗಿನವರು ಬರೆದ ಪ್ಲಗಿನ್ ಜೋಡಣೆ ಒಂದೂ ಕೂಡದು. ಕೋಯಕ್ಕ ಒಪ್ಪಿದಾರೆ."

ಮೊಯ್ದೀನ್ ಕೋಯ, ಕಂಪನಿಯ ಯಜಮಾನ. ಇಕ್ಕ ಎಂದರೆ ಅಣ್ಣ, ಹಾಗಾಗಿ ಎಲ್ಲರ ಬಾಯಲ್ಲೂ ಕೋಯಕ್ಕ. ಗಾಜಿನ ಕೋಣೆಯೊಳಗಿಂದಲೇ, ಮಗಳನ್ನು ಕರೆಯುವ ಹಾಗೆ, ಕೈಯಾಡಿಸಿದರು. "ಜಸ್ನಾ, ಮೋಳೇ... ಹೊಂದ್ಕೊಂಡು ಹೋಗು."

ಹೊಂದಿಕೊಂಡು ಹೋಗು! ಈ ಮಾತನ್ನು ಯಾವಾಗಲೂ ಕಳೆದುಕೊಂಡವರಿಗೇ ಹೇಳುತ್ತಾರೆ, ಕಳೆದುಹಾಕಿದವರಿಗಲ್ಲ.

* * *

ಅವಳ ಕೆಲಸವೆಂದರೆ ನೋವು ಶಮನ ಕೇಂದ್ರಗಳ ತಂತ್ರಾಂಶ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ನರ್ಸ್‌ಗಳು ಹೋಗುತ್ತಾರಲ್ಲ, ಯಾರ ಮನೆಗೆ ಯಾವತ್ತು, ಯಾವ ಮದ್ದು, ನೋವು ಎಷ್ಟು... ಎಲ್ಲ ಅದರಲ್ಲೇ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಜಸ್ನಾ ಒಬ್ಬಳೇ ಬರೆದದ್ದು. ಈಗ ಅದನ್ನು ಹೊಸ ಪ್ಲಾಟ್‌ಫಾರ್ಮಿನಲ್ಲಿ, ನರ್ಸ್‌ಗಳ ಮೊಬೈಲಿಗೆ ಹೊಂದುವಂತೆ ಮತ್ತೆ ಬರೆಯಬೇಕು. ತಿಂಗಳೊಳಗೆ ಜಿಲ್ಲೆಯ ಎಲ್ಲ ಕೇಂದ್ರಗಳಿಗೂ ಹೋಗಬೇಕು.

'ಇದು ನನ್ನದು. ಇದೊಂದು ಮಾತ್ರ ನನ್ನ ಕೈ ಬಿಟ್ಟು ಹೋಗಬಾರದು...' ಎಂದು ದಿನಾ ಬಸ್ಸಿನಲ್ಲಿ ಅಂದುಕೊಳ್ಳುವಳು.

ಆದರೆ ಕೈ ಕೇಳಬೇಕಲ್ಲ! ಕೆಳಗಿಳಿಯಲು ಜೆ ಒತ್ತಿದರೆ ಹೊಸ ಎಡಿಟರಿನಲ್ಲಿ ಸಾಲುಸಾಲು ಜೆಗಳೇ ಮೂಡುತ್ತಿದ್ದವು. ಅಳಿಸು, ಬರೆ, ಮತ್ತೆ ಅಳಿಸು. ಗಂಟೆಯ ಕೆಲಸಕ್ಕೆ ಅರ್ಧ ದಿನ. ಎದುರು ಮೇಜಿನಲ್ಲಿ ನಿಹಾಲ್ ಕೂತು ನೋಡುತ್ತಿದ್ದ. ಅವಳ ಮುಖವನ್ನಲ್ಲ, ಬೆರಳುಗಳನ್ನು! ನೋಡಿ ನೋಡಿ ಏನೋ ಗೀಚಿಕೊಳ್ಳುತ್ತಿದ್ದ.

"ಏನು ಬರೀತಿದೀರಿ ಸಾರ್? ನಾನು ಎಷ್ಟು ಸಲ ತಪ್ಪಿದೆ ಅಂತ ಲೆಕ್ಕವಾ?"

"ಹೌದು."

"ಬರೀರಿ, ಬರೀರಿ. ಕೋಯಕ್ಕಂಗೆ ಕೊಡಿ. ಹಾಳೆ ಸಾಲದಿದ್ರೆ ನಾನೇ ತಂದ್ಕೊಡ್ತೀನಿ."

"ಹೊಸದನ್ನ ಕಲೀರಿ ಜಸ್ನಾ. ನಿಮ್ಮ ಬೆರಳು ಇನ್ನೂ ಹಳೇ ಮನೇಲೇ ಸಂಸಾರ ಮಾಡ್ತಿವೆ."

"ಆ ಮನೆಗೆ ಬೆಂಕಿ ಇಟ್ಟವರು ಹೇಳೋ ಮಾತಾ ಇದು?"

ಅವನು ತಲೆ ತಗ್ಗಿಸಿದ. ಜಸ್ನಾಳಿಗೆ ಅದು ಸೊಕ್ಕಿನಂತೆ ಕಂಡಿತು. ಅದು ನಾಚಿಕೆಯೆಂದು ಅವಳಿಗೆ ಹೇಳುವವರು ಯಾರು?

ಇಪ್ಪತ್ತನೇ ದಿನ ಮಾನ ಹೋಯಿತು. ಪರೀಕ್ಷೆಗೆಂದು ಒಂದು ಕೇಂದ್ರಕ್ಕೆ ಕಳಿಸಿದ್ದ ಮಾದರಿಯನ್ನು ನೋಡಿ ಅಲ್ಲಿನ ನರ್ಸ್ ಲೀಲಾಮ್ಮ ಸಿಸ್ಟರ್ ಕಚೇರಿಗೇ ಫೋನ್ ಮಾಡಿದರು. ಕೋಯಕ್ಕ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಮೋಳೇ ಜಸ್ನಾ, ಇಲ್ಲಿ 'ನೋವು ಎಷ್ಟಿದೆ' ಅಂತಿದೆಯಲ್ಲ, ಅದರ ಪಕ್ಕ ಎರಡು ಚುಕ್ಕಿ, ಒಂದು ಡಬ್ಲ್ಯೂ ಇದೆ. ಎಲ್ಲಾ ರೋಗಿಗೂ ಇದೆ. ಇದ್ಯಾವ ಹೊಸ ಕಾಯಿಲೆ ಮೋಳೇ? ಮದ್ದು ಏನು ಕೊಡ್ಲಿ?"

ಕಚೇರಿ ಬಿದ್ದು ಬಿದ್ದು ನಕ್ಕಿತು. ಕೋಯಕ್ಕ ಕಣ್ಣೊರೆಸಿಕೊಂಡು ನಕ್ಕರು. ನಗದೆ ಇದ್ದವನು ನಿಹಾಲ್ ಒಬ್ಬನೇ. ಜಸ್ನಾ ಅದನ್ನು ನೋಡಲಿಲ್ಲ. ಮುಖ ತೊಳೆಯುವ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ, ಶಬ್ದ ಹೊರಗೆ ಕೇಳದ ಹಾಗೆ ಅತ್ತಳು.

* * *

ಗುರುವಾರ ಬೆಳಗ್ಗೆ ಕೋಯಕ್ಕ ಎಲ್ಲರನ್ನೂ ಕರೆದರು.

"ಮೋಳೇ, ಬೇಜಾರು ಮಾಡ್ಕೋಬೇಡ. ನೀನು ನಿಧಾನ ಆಗಿದೀಯ. ಕೇಂದ್ರಗಳ ಕೆಲಸ ಇನ್ನು ಮೇಲೆ ಬೇರೆಯವರು ನೋಡ್ಕೋತಾರೆ. ನೀನು ಟೆಸ್ಟಿಂಗಿಗೆ ಬಾ."

ಜಸ್ನಾ ಒಂದು ಹೆಜ್ಜೆ ಮುಂದೆ ಬಂದಳು.

"ಇಕ್ಕಾ... ಅದು ನಾನು ಬರೆದದ್ದು."

"ಹಳೇದು ನೀನು ಬರೆದದ್ದು. ಹೊಸದು ನಿನ್ನ ಕೈಲಿ ಆಗ್ತಿಲ್ವಲ್ಲ. ಒಂಬತ್ತು ವರ್ಷ ಒಂದೇ ಟೂಲಿಗೆ ಅಂಟ್ಕೊಂಡ್ರೆ ಹೀಗೇ. ಏನಂತೀಯ ನಿಹಾಲ್?"

ಜಸ್ನಾ ನಿಹಾಲನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. 'ಈಗಲಾದರೂ ಹೇಳು. ಅವಳ ಕಡತ ಅಳಿಸಿದ್ದು ನಾನು, ಹೇಗೆ ಕಾಪಿ ಮಾಡಬೇಕೆಂದು ಗೊತ್ತಿಲ್ಲದೆ ಅಳಿಸಿದೆ ಅಂತ ಒಂದೇ ಒಂದು ಮಾತು ಹೇಳು!'

ನಿಹಾಲ್ ಬಾಯಿ ತೆರೆದ. ಮುಚ್ಚಿದ.

"ನೀವು ಹೇಳಿದ ಹಾಗೆ, ಇಕ್ಕಾ."

ಅಷ್ಟೇ.

ಊಟದ ಹೊತ್ತಿಗೆ ಎಲ್ಲರೂ ಬಿರಿಯಾನಿಗೆಂದು ಕೆಳಗಿಳಿದಾಗ ಜಸ್ನಾ ತನ್ನ ಜಾಗದಲ್ಲೇ ಕಲ್ಲಿನ ಹಾಗೆ ಕೂತಿದ್ದಳು. ನಿಹಾಲ್ ಬಂದು ಒಂದು ಪೆನ್‌ಡ್ರೈವ್ ಅವಳ ಮೇಜಿನ ಮೇಲಿಟ್ಟ.

"ಒಂದ್ಸಲ ಹಾಕಿ ನೋಡು."

"ಹೋಗಿ ಸಾರ್ ಇಲ್ಲಿಂದ. ಕೈಗೆ ಸಿಕ್ಕಿದ್ದು ತಗೊಂಡು ಹೊಡೆದೇಬಿಡ್ತೀನಿ."

"ಹೊಡಿ. ಹಾಕಿ ನೋಡಿ ಆಮೇಲೆ ಹೊಡಿ."

ಏನೋ ಅನ್ನಿಸಿ ಹಾಕಿದಳು. ಅದೇ ಹೊಸ ಎಡಿಟರ್ ತೆರೆಯಿತು. ಜೆ ಒತ್ತಿದಳು... ಕೆಳಗಿಳಿಯಿತು!

ಕೆ. ಮೇಲೆ ಬಂತು.

ಎರಡು ಚುಕ್ಕಿ, ಡಬ್ಲ್ಯೂ. ಉಳಿಯಿತು.

ಇವು ಯಾರು ಬೇಕಾದರೂ ಮಾಡಬಹುದಾದದ್ದು ಎಂದುಕೊಂಡು ತನ್ನದೇ ಆದ ಕೀಲಿಯೊಂದನ್ನು ಒತ್ತಿದಳು, ಯಾರಿಗೂ ಹೇಳಿಕೊಡದ ಒಂದನ್ನು. ಕೇಂದ್ರದ ಹೆಸರುಗಳ ಪಟ್ಟಿ ತಟ್ಟನೆ ತೆರೆದುಕೊಂಡಿತು! ಇನ್ನೊಂದು. ಮತ್ತೊಂದು. ಬೆರಳುಗಳು ತಾವಾಗಿಯೇ ಓಡತೊಡಗಿದವು. ತಿಂಗಳಿನಿಂದ ಕಟ್ಟಿಹಾಕಿದ್ದ ಕೈಗಳನ್ನು ಬಿಚ್ಚಿದ ಹಾಗೆ! ಕಣ್ಣು ಮಂಜಾಯಿತು.

"ಇದು... ಇದು ಹೇಗೆ? ಆ ಫೈಲ್ ಹೋಗೇಬಿಟ್ಟಿತ್ತಲ್ಲ!"

"ಹೋಗಿತ್ತು. ನೀನು ದಿನಾ ಒತ್ತಿ ಒತ್ತಿ ತಪ್ಪುತ್ತಿದ್ದೆಯಲ್ಲ, ಅವನ್ನೆಲ್ಲ ಬರ್ಕೊಂಡೆ. ಏನು ಒತ್ತಿದೆ, ಒತ್ತಿ ಏನಾಗ್ಲಿ ಅಂತ ಕಾಯ್ತಿದ್ದೆ, ಆಗದಿದ್ದಾಗ ಆಮೇಲೆ ಕೈಯಲ್ಲಿ ಏನು ಮಾಡಿದೆ... ಎಲ್ಲ. ಇಪ್ಪತ್ತಮೂರು ದಿನ. ಹೊರಗಿನ ಜೋಡಣೆ ಒಂದೂ ಇಲ್ಲ, ಎಲ್ಲಾ ನಾನೇ ಬರೆದದ್ದು."

ಅವಳು ಇನ್ನೊಂದು ಕೀಲಿ ಒತ್ತಿ ನೋಡಿದಳು.

"ಮೊದಮೊದಲು ಪಾಪಪ್ರಜ್ಞೆಯಿಂದ ಬರೆದೆ. ಆಮೇಲಾಮೇಲೆ... ಬೆಳಗ್ಗೆ ಎದ್ದ ಕೂಡಲೇ ನಿನ್ನ ಬೆರಳು ನೋಡ್ಬೇಕು ಅನ್ನಿಸೋಕೆ ಶುರುವಾಯ್ತು ಜಸ್ನಾ. ನೀನು ಬೈದ್ರೂ ಪರವಾಗಿಲ್ಲ, ಎದುರಿಗೆ ಕೂತಿರ್ಬೇಕು ಅನ್ನಿಸ್ತು. ನನಗೆ ನೀನು ಬೇಕು. ನಿನ್ನ ಉಮ್ಮಾನ ಬಂದು ಕೇಳ್ತೀನಿ. ಹೇಳು... ಬರ್ಲಾ?"

ದ್ವೇಷಿಸಿ ದ್ವೇಷಿಸಿ ಇಪ್ಪತ್ತಮೂರು ದಿನ ಅವನನ್ನೇ ನೆನೆದವಳಲ್ಲವೇ ಅವಳೂ? ಒಂಬತ್ತು ವರ್ಷದಲ್ಲಿ ಅವಳ ಕೈಗಳನ್ನು ಹೀಗೆ ಓದಿದವರು ಯಾರೂ ಇರಲಿಲ್ಲ. ಯಾರೂ.

"ನಿಹಾಲ್," ಎಂದಳು. ಸಾರ್ ಎನ್ನಲಿಲ್ಲ. "ಸುಳ್ಳು ಹೇಳಲ್ಲ. ನಂಗೂ ನೀನು ಬೇಕು ಅನ್ನಿಸ್ತಿದೆ. ಈ ಕ್ಷಣ ತುಂಬಾ ಅನ್ನಿಸ್ತಿದೆ."

ಅವನ ಮುಖ ಅರಳಿತು.

"ಆದ್ರೆ ಮೊದಲು ಒಂದು ಕೆಲಸ ಮಾಡು. ಕೋಯಕ್ಕ ಈಗ ಊಟ ಮುಗಿಸಿ ಬರ್ತಾರೆ. ಎಲ್ರ ಮುಂದೆ ಹೇಳು. ಆ ಫೈಲ್ ಅಳಿಸಿದ್ದು ಯಾರು, ಯಾಕೆ ಅಳಿಸಿಹೋಯ್ತು, ನಾನು ಯಾಕೆ ನಿಧಾನ ಆದೆ... ಅಷ್ಟೇ ಹೇಳು."

ಅರಳಿದ ಮುಖ ಮುದುಡಿತು.

"ಹೇಳ್ತೀನಿ... ಖಂಡಿತಾ ಹೇಳ್ತೀನಿ. ಆದ್ರೆ ಈಗಲೇ ಬೇಡ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಗತ್ತೆ. ಲಿನಕ್ಸಿನ ಅಆಇಈ ಗೊತ್ತಿಲ್ದೆ ಲೀಡ್ ಆದ ಅಂತ ನಗ್ತಾರೆ ಜಸ್ನಾ. ಒಂದು ತಿಂಗಳು ತಡ್ಕೊ. ನಿನ್ನ ಕೀಲಿಗಳೆಲ್ಲ ವಾಪಸ್ ಬಂದವಲ್ಲ?"

"ನನ್ನ ನೋಡಿ ನಕ್ಕಾಗ?"

ಅವನು ಪೆನ್‌ಡ್ರೈವ್ ಕಡೆ ಕಣ್ಣು ತಿರುಗಿಸಿದ.

"ಲೀಲಾಮ್ಮ ಸಿಸ್ಟರ್ ಫೋನಿಗೆ ಇಡೀ ಆಫೀಸ್ ನಕ್ತಲ್ಲ, ಆಗ ನಿನ್ನ ಹಾಳೆಯಲ್ಲಿ ಬರ್ಕೊಂಡ್ಯಾ ಅದನ್ನೂ? ಇವತ್ತು ಬೆಳಗ್ಗೆ ನನ್ನ ಕೆಲಸ ನನ್ನ ಕೈಯಿಂದ ಕಿತ್ಕೊಂಡ್ರು. ನೀನು ಪಕ್ಕದಲ್ಲೇ ಕೂತಿದ್ದೆ. ನನ್ನ ಬೆರಳೆಲ್ಲಾ ಓದಿದೀಯ, ಮುಖ ಓದಕ್ಕೆ ಬರ್ಲಿಲ್ವಾ ನಿಂಗೆ?"

"ಒಂದೇ ತಿಂಗಳು ಅಂತ ಹೇಳ್ದೆನಲ್ಲ!"

"ಒಂದು ನಿಮಿಷದ ಮಾತಿಗೆ ಒಂದು ತಿಂಗಳು ಯಾಕೋ?"

ಎದ್ದಳು. ಚೀಲ ತಗೊಂಡಳು. ಊಟದ ಡಬ್ಬಿ ಹಾಕಿಕೊಂಡಳು. ಮೆಟ್ಟಿಲ ಮೇಲೆ ಕೋಯಕ್ಕನ ನಗು, ಉಳಿದವರ ಗದ್ದಲ ಹತ್ತಿ ಬರುತ್ತಿತ್ತು.

"ಜಸ್ನಾ, ಎಲ್ಲಿಗೆ? ಕೂತ್ಕೊ... ಜಸ್ನಾ! ಕೋಪದಲ್ಲಿ ಹೋಗ್ಬೇಡ."

"ಕೋಪ ಇಲ್ಲ." ಬಾಗಿಲ ಬಳಿ ನಿಂತು ಅವನನ್ನು ಕಣ್ತುಂಬ ನೋಡಿದಳು. "ಚೆನ್ನಾಗಿ ಬರೆದಿದೀಯ ನಿಹಾಲ್. ಒಂದು ಕೀಲಿಯೂ ತಪ್ಪಿಲ್ಲ."

"ಹಾಗಾದ್ರೆ ನಾಳೆ ಬರ್ತೀಯಲ್ಲ?"

"ಊಟ ಮಾಡು ಹೋಗು. ಹೊತ್ತಾಯ್ತು."

ಮೇಲೆ ಹತ್ತಿ ಬರುತ್ತಿದ್ದವರು ಗೋಡೆಗೊತ್ತಿ ಅವಳಿಗೆ ದಾರಿ ಬಿಟ್ಟರು. ಕೋಯಕ್ಕ "ಮೋಳೇ?" ಎಂದರು. ಅವಳು ನಿಲ್ಲಲಿಲ್ಲ.

ನಿಹಾಲ್ ಮಾರನೇ ಬೆಳಗ್ಗೆ ಒಂಬತ್ತೂವರೆಗೇ ಕೋಯಕ್ಕನ ಮುಂದೆ, ಎಂಟೂ ಜನರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಚುಕ್ಕಿಯ ಕಡತ, ತನ್ನ ಅಜ್ಞಾನ, ತನ್ನ ಹೇಡಿತನ... ಒಂದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಕೋಯಕ್ಕ ಆ ಕ್ಷಣವೇ ಫೋನ್ ಎತ್ತಿಕೊಂಡು, ಕೇಂದ್ರಗಳ ಕೆಲಸ ನಿನ್ನದೇ ಮೋಳೇ, ಬಾ, ಎಂದರು. ಆ ಕಡೆಯಿಂದ ಬಂದ ಮಾತು ಅವರೊಬ್ಬರಿಗೇ ಕೇಳಿಸಿತು.

ಫೋನ್ ಕೆಳಗಿಟ್ಟ ಕೋಯಕ್ಕ, ಬಾಗಿಲ ಕಡೆಯೇ ನೋಡುತ್ತಿದ್ದ ನಿಹಾಲನ ಹೆಗಲ ಮೇಲೆ ತಂದೆಯಂತೆ ಕೈಯಿಟ್ಟರು.

"ನೋಡ್ಬೇಡ ಮೋನೇ. ಅವಳು ಬರಲ್ಲ."