ಎಡ ಹೆಗಲಿನ ಗಂಟು

"ಮದುವಿ ಬ್ಯಾಡ ಅಂತ ಹೇಳಿ ಕಳಿಸೀಯಂತಲ್ಲ! ಕ್ಯಾನ್ಸರ್ ಅಂದಕೂಡ್ಲೆ ನಾ ಬ್ಯಾಡಾದ್ನೇನು?"

ಎಂ.ಕೆ. ಹುಬ್ಬಳ್ಳಿಯ ಸಣ್ಣ ದವಾಖಾನೆಯ ಬಾಗಿಲಲ್ಲಿ ಜುನೇದ್ ನಿಂತಿದ್ದ. ನರ್ಸ್ ಕೌಸರ್ ಟ್ರೇ ಹಿಡಿದು ಅವನೆದುರು ನಿಂತಿದ್ದಳು. ಅಯ್ಯೋ, ಈ ಮನುಷ್ಯ ಏನು ತಿಳಿದುಕೊಂಡುಬಿಟ್ಟ!

ಎರಡು ವರ್ಷದ ಹಿಂದೆ ಇದೇ ಬಾಗಿಲಿಗೆ ಬಂದು ಅವನು ಹೆಗಲು ತೋರಿಸಿದ್ದ. ಕಬ್ಬು ಹೇರುವ ಹಂಗಾಮು, ದವಾಖಾನೆ ತುಂಬ ಜನ. ಚರ್ಮದ ಕೆಳಗಿನ ಗಂಟನ್ನು ಒತ್ತಿ ನೋಡಿ ಅವಳು ನಕ್ಕಿದ್ದಳು.

"ಕಬ್ಬು ಹೊರೋರಿಗೆಲ್ಲ ಹಿಂಗ ದಡ್ಡು ಕಟ್ಟತೈತ್ರಿ. ಡಾಕ್ಟರಿಗೆ ತೋರ್ಸೂದೇನ ಬ್ಯಾಡ, ಎಣ್ಣಿ ಹಚ್ರಿ."

ಗಂಟು ಇಳಿಯಲಿಲ್ಲವೆಂದು ವಾರಕ್ಕೊಮ್ಮೆ ಬಂದ. ಅವಳೂ ದಾರಿ ಕಾಯತೊಡಗಿದಳು. ನಿಕಾಹ್ ಗಟ್ಟಿಯಾಯಿತು.

ಕೊನೆಗೆ ತಪ್ಪು ಹಿಡಿದವರು ಬೈಲಹೊಂಗಲದ ದರ್ಜಿ ಹುಸೇನಪೀರ! ಮದುವೆಯ ಶೇರವಾನಿಗೆ ಅಳತೆ ತೆಗೆಯುತ್ತಿದ್ದವರು ಟೇಪು ನಿಲ್ಲಿಸಿದರು.

"ನಿನ್ನ ಅಂಗಿ ಸವದದ್ದು ಬಲ ಹೆಗಲಿಗೆ. ಅಂದ್ರ ಹೊರಿ ಅಲ್ಲೇ ಹೊರತಿ. ಗಂಟು ಎಡಕ್ಯಾಕ ಬಂತೋ ತಮ್ಮಾ?"

ಪಕ್ಕದಲ್ಲಿದ್ದ ಕೌಸರ್ ಮರುದಿನವೇ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು.

ಬೆಳಗಾವಿಯಲ್ಲಿ ಚೂರು ತೆಗೆದು ಪರೀಕ್ಷಿಸಿದರು. ಸಾರ್ಕೋಮಾ... ತೀರಾ ಅಪರೂಪದ ಗಡ್ಡೆ. ಎಲ್ಲೂ ಹರಡಿಲ್ಲ, ತೆಗೆದರೆ ಬದುಕುತ್ತಾನೆ. ಆದರೆ ಮೊದಲೇ ಬಂದಿದ್ದರೆ ಇಷ್ಟು ಮಾಂಸ ಕತ್ತರಿಸಬೇಕಿರಲಿಲ್ಲ, ಇನ್ನು ಆ ತೋಳಿಗೆ ಮೊದಲಿನ ಬಲ ಬರುವುದಿಲ್ಲ ಎಂದರು ಡಾಕ್ಟರ್. ಆ ಮಾತು ಅವಳಿಗೆ ಅನ್ನ ಸೇರಗೊಡಲಿಲ್ಲ; ಮದುವೆ ಬೇಡವೆಂದು ಹೇಳಿ ಕಳಿಸಿದ್ದಳು.

"ಬ್ಯಾಡಾದಾಕಿ ನಾನ್ರಿ... ನೀವಲ್ಲ! ಯಾವ ಹೆಗಲಿಗೆ ಹೊರತೀರಿ ಅಂತ ಒಂದ ಮಾತು ಕೇಳಲಿಲ್ಲ. ನಿಮ್ಮ ತೋಳು ಕಳದಾಕಿ, ಯಾವ ಮುಖ ಇಟ್ಕೊಂಡು ನಿಮ್ಮ ಮನಿಗೆ ಬರಲಿ?"

ಜುನೇದ್ ಬೆಂಚಿನ ಮೇಲೆ ಕುಳಿತ.

"ಬಲಕ್ಕ ಹೊರತೇನಂತ ನಂಗ ಗೊತ್ತಿರಲಿಲ್ಲೇನು ಕೌಸರ್? ಹೇಳಿದ್ರ ಅವತ್ತ ಡಾಕ್ಟರ್ ಕಡೆ ಕಳಸ್ತಿದ್ದಿ. ಗಂಟು ಹೋದ ಮ್ಯಾಲ ಯಾವ ನೆವಾ ಹೇಳಿ ನಿನ್ನ ನೋಡಾಕ ಬರಲಿ?"

"ಹುಚ್ಚರದೀರೇನ್ರಿ! ಜೀವಾ ಹೋಗಿದ್ರ...!" ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅವನು ಹೇಳಿದ್ದರಿಂದ ಅವಳ ತಪ್ಪೇನೂ ಕಡಿಮೆಯಾಗಲಿಲ್ಲ. ಆದರೂ ಟ್ರೇ ಬದಿಗಿಟ್ಟು ಅವನ ಪಕ್ಕ ಕುಳಿತಳು.

"ಸೋಮವಾರ ಆಪರೇಷನ್. ಬರತೀಯಿಲ್ಲೋ?"

"ಒಪ್ಪಿಗಿ ಕಾಗದಕ್ಕ ಹೆಂಡತಿ ಅಂತ ಸಹಿ ಮಾಡತೇನಿ. ರವಿವಾರನ ನಿಕಾಹ್ ಆಗ್ಲಿ."

"ಶೇರವಾನಿ ಇನ್ನೂ ಹೊಲದಿಲ್ಲಲ್ಲ!"

"ಸವದ ಅಂಗಿ ಹಾಕ್ಕೊಂಡ ಬರ್ರಿ. ಯಾವ ಹೆಗಲು ಸವದೈತಿ ಅಂತ ಈ ಸಲ ನಾನ ನೋಡತೇನಿ."