ಶುಂಠಿ ಸೋಡಾದ ಭಾನುವಾರ

"ಒಂದೇ ಒಂದು ಚಿಟಿಕೆ ಈಸ್ಟ್ ಸಿಗುತ್ತಾ?"

ಕೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಬೇಕರಿಯವನು ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಕಣ್ಣು ಕಿರಿದು ಮಾಡಿ ನೋಡಿದ.

"ಒಂದು ಚಿಟಿಕೇಲಿ ಯಾರಿಗೆ ಬ್ರೆಡ್ ಮಾಡ್ತೀರಿ ಮೇಡಂ? ಇರುವೆಗಳಿಗಾ?"

"ಬ್ರೆಡ್ಡಿಗಲ್ಲ, ಸೋಡಾಗೆ. ಅಂಗಡಿ ಸೋಡಾ ಮುಟ್ಟಬಾರದು ಅಂತ ಅಜ್ಜಿ ಆರ್ಡರ್ ಆಗಿದೆ. ಮನೇಲೇ ಮಾಡಿಕೊಡ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟು ಸಿಕ್ಕಿಹಾಕ್ಕೊಂಡಿದೀನಿ."

ಅವನು ನಕ್ಕು, ಕಾಗದದಲ್ಲಿ ಈಸ್ಟ್ ಕಟ್ಟಿಕೊಟ್ಟ. "ಹಾಂ, ಬೆಳಿಗ್ಗೆ ನಿಮ್ಮ ಯಜಮಾನ್ರು ಬನ್ ತಗೊಂಡು ಇಲ್ಲೇ ಮರೆತು ಹೋದ್ರು. ಕೊಟ್ಟುಬಿಡಿ."

ಅವರು ನನ್ನ ಯಜಮಾನರಲ್ಲ, ಭಾವ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ತಿಂಗಳು ನೆನಪಾಯಿತು. ಬನ್ನಿನ ಪೊಟ್ಟಣ ತೆಗೆದುಕೊಂಡು ಸುಮ್ಮನೆ ಹೊರಟುಬಂದಳು.

ಅಕ್ಕ ತೀರಿಕೊಂಡಾಗ, ಒಂದು ವಾರ ಮಕ್ಕಳ ಜೊತೆ ಇದ್ದು ಹೋಗೋಣವೆಂದು ಬಂದವಳು ಅವಳು. ಆ ವಾರ ಮುಗಿಯಲೇ ಇಲ್ಲ. ಬೆಳಿಗ್ಗೆ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ, ಮಧ್ಯಾಹ್ನದಿಂದ ಅಕ್ಕನ ಮನೆ. ಊಟದ ಮೇಜಿನಲ್ಲಿ ಅಕ್ಕನ ಕುರ್ಚಿ ಅವಳದಾಯಿತು, ಅಕ್ಕನ ಚಹಾ ಲೋಟ ಅವಳದಾಯಿತು. ಈಗ ಭಾವನೂ ಅವಳವನಾಗಲಿ ಎಂದು ಅತ್ತೆ, ಅಂದರೆ ಭಾವನ ತಾಯಿ, ತೀರ್ಮಾನಿಸಿದ್ದರು. ಭಾವ ಬೇಡವೆನ್ನಲಿಲ್ಲ. ಅವನು ಕೆಟ್ಟವನಲ್ಲ, ಗದರುವವನೂ ಅಲ್ಲ. ಅದೇ ಕಷ್ಟವಾಗಿತ್ತು. ಅವಳನ್ನು ಯಾರೂ ಕಟ್ಟಿ ಹಾಕಿರಲಿಲ್ಲ. ಬಿಚ್ಚಿಕೊಳ್ಳೋಣವೆಂದರೆ ಗಂಟೇ ಕೈಗೆ ಸಿಗುತ್ತಿರಲಿಲ್ಲ.

"ಕಪಾಟು ಖಾಲಿ ಮಾಡೋದೇನೂ ಬೇಡ," ಎಂದಿದ್ದರು ಅತ್ತೆ. "ಅವಳ ಬಟ್ಟೆ ನೀನೇ ಹಾಕ್ಕೋ. ಅಳತೆ ಒಂದೇ ತಾನೆ?"

ಮೊದಲ ಸಲದ ಸೋಡಾ ಕೆಟ್ಟಿತು. ಬಾಟಲಿ ತೆರೆದರೆ 'ಉಸ್' ಕೂಡ ಎನ್ನಲಿಲ್ಲ. ಅಕ್ಕನ ಚಿಕ್ಕ ಮಗ ಗುಂಡ ಒಂದು ಗುಟುಕು ಕುಡಿದು, "ಇದು ಕೆಮ್ಮಿನ ಔಷಧಿ," ಎಂದು ಅಳತೊಡಗಿದ. ಅವನ ಅಕ್ಕ ಅಳುವ ಪೈಕಿಯಲ್ಲ. ಮಾತಿನ ಖಾರಕ್ಕೆ ಅವಳನ್ನು ಮನೆಯಲ್ಲೆಲ್ಲ ಮೆಣಸು ಎನ್ನುತ್ತಿದ್ದರು. ಅವಳು ಬಾಟಲಿ ಕಂಕುಳಲ್ಲಿ ಇರುಕಿಕೊಂಡು ಸೀದಾ ಬೇಕರಿಗೆ ಹೋಗಿ, "ಅಂಕಲ್, ನೀವು ಕೊಟ್ಟ ಈಸ್ಟ್ ಸತ್ತಿದೆ," ಎಂದು ಜಗಳ ತೆಗೆದಳು.

ಹಾಗಾಗಿ ಭಾನುವಾರ ಮಧ್ಯಾಹ್ನ, ಬೇಕರಿಗೆ ಬಾಗಿಲು ಹಾಕಿ ಅವನೇ ಮನೆಗೆ ಬಂದ. ತಲೆ ಬಾಚಿಕೊಂಡಿದ್ದ. ಕಿವಿಯ ಹಿಂದೆ ಮಾತ್ರ ಒಂಚೂರು ಹಿಟ್ಟು ಉಳಿದಿತ್ತು. ಹೇಳೋಣವೆಂದುಕೊಂಡವಳು ಹೇಳಲಿಲ್ಲ, ನೋಡುತ್ತಿರಲು ಚೆನ್ನಾಗಿತ್ತು.

"ನೀರು ಕುದಿಸಿ ಹಾಕಿದ್ರಾ?"

"ಕುದೀತಾ ಇರೋದನ್ನೇ."

"ಅಯ್ಯೋ, ಪಾಪದ ಈಸ್ಟ್! ಬೇಯಿಸಿಬಿಟ್ಟಿದೀರಿ. ಸ್ನಾನಕ್ಕೆ ಮಗೂಗೆ ಹಾಕ್ತೀವಲ್ಲ, ಅಷ್ಟು ಬೆಚ್ಚಗಿದ್ರೆ ಸಾಕು."

ಮೆಣಸು ಶುಂಠಿ ತುರಿದಳು. ಗುಂಡ ನಿಂಬೆಹಣ್ಣನ್ನು ಮೇಜಿನ ಮೇಲೆ ಉರುಳಿಸಿ ಮೆತ್ತಗೆ ಮಾಡಿ, ಹಿಂಡಿ, ಅರ್ಧ ರಸ ತನ್ನ ಅಂಗಿಗೇ ಕುಡಿಸಿದ. ಸಕ್ಕರೆ ಕರಗಿತು. ಬೆಚ್ಚಗಿನ ನೀರಿಗೆ ಈಸ್ಟ್ ಉದುರಿಸಿ, ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಕತ್ತಿನವರೆಗೆ ತುಂಬದೆ ಮುಚ್ಚಳ ಬಿಗಿದರು. ಬಾಟಲಿ ಅವಳು ಹಿಡಿದಿದ್ದಳು, ಮುಚ್ಚಳ ಅವನು ತಿರುಗಿಸಿದ. ಮುಚ್ಚಳ ಬಿಗಿಯಾಗಿ ಎಷ್ಟೋ ಹೊತ್ತಾದರೂ ಇಬ್ಬರ ಕೈಯೂ ಅಲ್ಲೇ ಇತ್ತು.

"ನಾಳೆ ಅಮುಕಿ ನೋಡು. ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ರೆ ತಕ್ಷಣ ಫ್ರಿಜ್ಜಿಗೆ," ಎಂದ ಅವನು ಮೆಣಸಿಗೆ. "ಆಮೇಲೆ ಅಮ್ಮನಿಗೆ ಹೇಳು..."

"ಇವರು ಅಮ್ಮ ಅಲ್ಲ. ಚಿಕ್ಕಮ್ಮ," ಎಂದಳು ಮೆಣಸು. "ಮುಂದಿನ ತಿಂಗಳು ಅಪ್ಪನ್ನ ಮದುವೆಯಾಗಿ ಅಮ್ಮ ಆಗ್ತಾರೆ. ಅಜ್ಜಿ ಹೇಳಿದಾರೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಮೊದಲು ಆ ಕಣ್ಣುಗಳಲ್ಲಿ ಬೆಳಕು ಬಂತು, ಮಾತಿನ ಉಳಿದ ಅರ್ಧ ತಲುಪಿದ ಕೂಡಲೇ ಆರಿತು. ಎರಡನ್ನೂ ಕಂಡ ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ, ಹಿಂಡಿ ಮುಗಿದಿದ್ದ ನಿಂಬೆಯನ್ನೇ ಮತ್ತೆ ಹಿಂಡಿದಳು.

ಮರುದಿನ ಸಂಜೆಗೆ ಬಾಟಲಿ ಕಲ್ಲಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಫ್ರಿಜ್ಜಿನಿಂದ ತೆಗೆದು ಮುಚ್ಚಳ ತಿರುಗಿಸಿದರೆ ನೊರೆ ಚಿಮ್ಮಿ ಗುಂಡನ ಮೂಗಿಗೇರಿತು. ಅವನು ತೇಗಿದ ಸದ್ದಿಗೆ ಅತ್ತೆಯೇ ಬೆಚ್ಚಿಬಿದ್ದರು. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭಾವ ಲೋಟ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ, ಮೃದುವಾಗಿ.

"ಥೇಟ್ ನಿಮ್ಮಕ್ಕನ ಹಾಗೇ ನಗ್ತೀಯ," ಎಂದ.

ಅವಳ ನಗು ನಿಂತಿತು. ತನ್ನದೆಂದುಕೊಂಡಿದ್ದ ನಗುವೂ ಅಕ್ಕನ ಕಪಾಟಿನದೇ ಆಗಿಹೋಯಿತು. ಮಕ್ಕಳಿಗೆ ಬಡಿಸುತ್ತ ಕೂತಳು. ಹೇಳುವಂತಿಲ್ಲ, ಹೇಳದೆ ಇರುವಂತಿಲ್ಲ. ಬಾಯಲ್ಲಿ ಬಿಸಿ ತುಪ್ಪ.

ಆ ವಾರ ಬೇಕರಿಯವನು ಕನ್ನಡಕದ ಅಂಗಡಿಗೆ ಬಂದ.

"ದೂರದ್ದು ಮಂಜಾಗಿ ಕಾಣ್ತಿದೆ," ಎಂದ.

"ನೀವು ಕಣ್ಣು ಕಿರಿದು ಮಾಡಿ ನೋಡೋವಾಗಲೇ ನನಗೆ ಗೊತ್ತಿತ್ತು. ಕೂತ್ಕೊಳ್ಳಿ."

ಪರೀಕ್ಷೆಯ ಕೋಣೆ ಇಬ್ಬರಿಗೆ ಸಾಕಾಗುವಷ್ಟೇ ಇತ್ತು. ಅವಳು ಅವನ ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು, ಎಡಗಣ್ಣು ಮುಚ್ಚಿ, ಒಂದೊಂದೇ ಗಾಜು ತೊಡಿಸಿದಳು. ಅವನಿಂದ ಬೆಣ್ಣೆಯ, ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಗೋಡೆಯ ಅಕ್ಷರ ನೋಡಬೇಕಾದ ಕಣ್ಣು ಗಾಜಿನ ಹಿಂದಿನಿಂದ ಅವಳನ್ನೇ ನೋಡುತ್ತಿತ್ತು.

"ಅಕ್ಷರ ಅಲ್ಲಿದೆ," ಎಂದಳು.

"ಗೊತ್ತು."

"ಈಗ ಸ್ಪಷ್ಟವಾಗಿದೆಯಾ?"

"ತುಂಬಾ. ಅದೇ ತೊಂದರೆ." ಅವನು ನಿಧಾನವಾಗಿ ಫ್ರೇಮ್ ತೆಗೆದ. "ನನ್ನ ಮನಸ್ಸಲ್ಲಿ ಏನಿದೆ ಅಂತ ನಿಮಗೆ ಅರ್ಥ ಆಗಿರುತ್ತೆ. ಆದ್ರೆ ನಾನೇನೂ ಕೇಳಲ್ಲ. ಆ ಮಕ್ಕಳ ಮುಖ ನೋಡಿ ಕೇಳೋ ಧೈರ್ಯ ಬರಲ್ಲ."

"ಕೇಳಬೇಡಿ," ಎಂದಳು ಅವಳು. "ನನ್ನನ್ನ ಯಾರೂ ಕೇಳಿಲ್ಲ. ನೀವೂ ಕೇಳಬೇಡಿ."

ಅವನು ಫ್ರೇಮನ್ನು ಮೇಜಿನ ಮೇಲಿಟ್ಟ. "ಹಾಗಾದ್ರೆ ಇಷ್ಟು ಮಾತ್ರ ಕೇಳ್ತೀನಿ. ನನ್ನ ವಿಷಯ ಬಿಡಿ. ನಿಮಗೆ ಏನು ಬೇಕು?"

ಇಷ್ಟು ಸಣ್ಣ ಪ್ರಶ್ನೆ. ಅವಳು ಗಾಜುಗಳ ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಕೈಯಿಟ್ಟು, ಎದುರಿಗೆ ಅವನಿರುವಾಗಲೇ ಅತ್ತಳು. ಅವನು ಮುಟ್ಟಲಿಲ್ಲ. ಎದ್ದು ಹೋಗಲೂ ಇಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನ ಅವಳು ಊಟದ ಮೇಜಿನ ಬಳಿ ನಿಂತೇ ಮಾತಾಡಿದಳು. "ಭಾವ, ಈ ಮದುವೆ ನನಗೆ ಬೇಡ. ಮಕ್ಕಳು ಬೇಕು, ಮದುವೆ ಬೇಡ. ನನ್ನ ಮನಸ್ಸು ಬೇರೆ ಕಡೆ ಇದೆ."

"ಹೆತ್ತವಳೂ ಬಿಟ್ಟುಹೋದಳು, ನೀನೂ ಬಿಟ್ಟುಹೋಗು," ಎಂದರು ಅತ್ತೆ.

ಭಾವ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಾನು ಇಷ್ಟಪಟ್ಟೇ ಒಪ್ಪಿದ್ದೆ," ಎಂದ. "ನಿನ್ನನ್ನ ಕೇಳಬೇಕಿತ್ತು." ತಟ್ಟೆ ಸರಿಸಿ, "ಮಕ್ಕಳು ಇಲ್ಲೇ ಇರ್ತಾರೆ. ನೀನು ಇಲ್ಲಿರೋದು ಇನ್ನು ಚೆನ್ನಾಗಿರಲ್ಲ," ಎಂದ. ಅದು ಸಿಟ್ಟಿನ ಮಾತಾಗಿರಲಿಲ್ಲ. ಹಾಗಾಗಿ ಹೆಚ್ಚು ನೋಯಿಸಿತು.

ಒಳಗಿನ ಕೋಣೆಯ ಬಾಗಿಲು ಧಡಾರನೆ ಮುಚ್ಚಿತು. ಮೆಣಸು ಕೇಳಿಸಿಕೊಂಡಿದ್ದಳು.

ಕನ್ನಡಕದ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಅವಳು ಒಂದೇ ಸೂಟ್‌ಕೇಸ್ ತಂದಳು. ಶಾಲೆ ಬಿಟ್ಟ ಮೇಲೆ ಗುಂಡ ಓಡಿಬಂದು ಕುತ್ತಿಗೆಗೆ ಜೋತುಬೀಳುತ್ತಿದ್ದ. ಮೆಣಸು ಮಾತ್ರ ರಸ್ತೆಯ ಆಚೆ ಬದಿಯಲ್ಲೇ ತಲೆ ತಗ್ಗಿಸಿ ನಡೆಯುತ್ತಿದ್ದಳು. ಅವಳ ಜಡೆ ಸೊಟ್ಟಗಿರುತ್ತಿತ್ತು. ಅಜ್ಜಿಯ ಕೈ ನಡುಗುತ್ತದೆ. ಬಿಡುಗಡೆ ಎಂದರೆ ಹಗುರವಾಗಿರುತ್ತದೆಂದು ಯಾರು ಹೇಳಿದರೋ. ಆ ದಿನಗಳಲ್ಲಿ ಅವಳು ಬೇಕರಿಯ ಕಡೆಯೂ ಹೋಗಲಿಲ್ಲ. ಅವನು ಕರೆಯಲೂ ಇಲ್ಲ. ದಿನಾ ಬೆಳಿಗ್ಗೆ ಬಾಗಿಲ ಹಿಡಿಕೆಗೆ ಒಂದು ಬಿಸಿ ಬ್ರೆಡ್ ಮಾತ್ರ ತೂಗಿಹಾಕಿರುತ್ತಿತ್ತು.

ಒಂದು ಶನಿವಾರ ಭಾವನೇ ಇಬ್ಬರನ್ನೂ ಕರೆದುಕೊಂಡು ಬಂದು ಮೆಟ್ಟಿಲ ಮೇಲೆ ನಿಂತ.

"ಇವಳು ಊಟ ಬಿಟ್ಟಿದಾಳೆ. ಶನಿವಾರ, ಭಾನುವಾರ ನಿನ್ನ ಹತ್ರ ಇರಲಿ," ಎಂದ. ಇಳಿಯುವಾಗ ತಿರುಗಿ, "ಅಮ್ಮನಿಗೆ ನಾನು ಹೇಳ್ಕೋತೀನಿ," ಎಂದ.

ಮೆಣಸು ಬ್ಯಾಗ್ ಎಸೆದು ಮೂಲೆಯಲ್ಲಿ ಕೂತಳು. ಗುಂಡನಿಗೆ ಸೋಡಾ ಬೇಕಿತ್ತು, ಸೋಡಾಗೆ ಈಸ್ಟ್ ಬೇಕಿತ್ತು. ಅವನು ಓಡಿಹೋಗಿ ಈಸ್ಟಿನ ಜೊತೆ ಈಸ್ಟಿನವನನ್ನೂ ಎಳೆದು ತಂದ. ಹೊಸ ಕನ್ನಡಕದಲ್ಲಿ ಬೇಕರಿಯವನು ಬಾಗಿಲಲ್ಲೇ ನಿಂತ. ಈಗ ಅವನು ಕಣ್ಣು ಕಿರಿದು ಮಾಡುತ್ತಿರಲಿಲ್ಲ. ಅಗಲವಾಗಿ ತೆರೆದು, ದಣಿದ ಅವಳ ಮುಖವನ್ನು ಆಸೆಯಿಂದ ನೋಡಿದ. ಅವಳೂ ನೋಡಿದಳು. ನಿಂಬೆಯ ಮರೆ ಬೇಕೆನಿಸಲಿಲ್ಲ.

ಬೇಕರಿಯವನು ಶುಂಠಿ ತುರಿಯತೊಡಗಿದ ಸದ್ದಿಗೆ ಮೆಣಸಿಗೆ ತಡೆಯಲಾಗಲಿಲ್ಲ. "ಹಾಗಲ್ಲ, ಕೊಡಿ ಇಲ್ಲಿ," ಎಂದು ತುರಿಮಣೆ ಕಿತ್ತುಕೊಂಡಳು. ತುರಿಯುತ್ತ, ತಲೆಯೆತ್ತದೆ ಚಿಕ್ಕಮ್ಮನನ್ನು ಕೇಳಿದಳು:

"ನೀನು ಅಮ್ಮ ಆಗಲ್ವಾ?"

"ಇಲ್ಲ ಕಂದ. ಚಿಕ್ಕಮ್ಮನೇ."

"ಯಾವಾಗ್ಲೂ?"

"ಯಾವಾಗ್ಲೂ. ನೀನು ಮುದುಕಿ ಆದ್ರೂ."

ಮೆಣಸು ಯೋಚಿಸಿದಳು. ಆಮೇಲೆ ತುರಿಮಣೆಯನ್ನು ಬೇಕರಿಯವನ ಕಡೆ ತೋರಿಸಿ, "ಹಾಗಾದ್ರೆ ಇವರನ್ನ ಏನಂತ ಕರೀಬೇಕು? ಅಂಕಲ್ ಅಂತಾನೇನಾ?" ಎಂದಳು.

ಅವನ ಕಿವಿ ಕೆಂಪಗಾಯಿತು. "ಅದು... ಅದನ್ನ ನಿಮ್ಮ ಚಿಕ್ಕಮ್ಮನ್ನೇ ಕೇಳು."

ಮೂವರೂ ಅವಳ ಮುಖ ನೋಡಿದರು. ಅವಳು ಒದ್ದೆ ಕೈ ಒರೆಸಿಕೊಂಡು, ಮೆಣಸಿನ ಸೊಟ್ಟ ಜಡೆಯನ್ನು ಬಿಚ್ಚಿ, ಹೊಸದಾಗಿ ಹೆಣೆಯತೊಡಗಿದಳು.

"ಚಿಕ್ಕಪ್ಪ ಅಂತ ಕರಿ," ಎಂದಳು.